ನಗುವುದಕ್ಕೂ ಹೆದರುತ್ತಿದ್ದೆ!

ಸೋದರಿ, ಒಂದು ಪ್ರಶ್ನೆ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವು ಕೊನೆಯ ಸಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಯಾವಾಗ?

"ಅಯ್ಯೋ, ಮನೆಕೆಲಸದ ಮಧ್ಯೆ ನಗಲಿಕ್ಕೆ ಪುರುಸೊತ್ತೆಲ್ಲಿ ಬರಬೇಕು?" ಎನ್ನುತ್ತೀರಾ? ಅದು ಬೇರೆ ಮಾತು. ನಗು ಉಕ್ಕಿ ಬಂದರೂ ತುಟಿ ಕಚ್ಚಿ, ಕಾಲಿಗೆ ಕಾಲು ಬಿಗಿದುಕೊಂಡು, ಮುಖ ಗಂಟಿಕ್ಕಿ ಕೂತಿದ್ದೀರಾ? ಕೆಮ್ಮು ಬಂದರೆ ಎದ್ದು ಒಳಗೆ ಓಡಿದ್ದೀರಾ? ಹಾಗಿದ್ದರೆ ಬನ್ನಿ, ಹತ್ತಿರ ಕೂತ್ಕೊಳ್ಳಿ. ಈ ಮಾತು ನಿಮಗೇ ಹೇಳಬೇಕಾದದ್ದು.

ನನಗೆ ಈಗ ನಲವತ್ತಾರು. ಎರಡು ಮಕ್ಕಳ ತಾಯಿ. ಓದಿದ್ದು ಎಸ್ಸೆಸ್ಸೆಲ್ಸಿ. ಹಾಸನದಲ್ಲಿ ನಮ್ಮ ಸಂಸಾರ. ಮೈಯಲ್ಲಿ ಹೇಳಿಕೊಳ್ಳುವಂಥ ಕಾಯಿಲೆ ಏನೂ ಇಲ್ಲ. ಹೇಳಿಕೊಳ್ಳಲಾಗದ ಒಂದಿತ್ತು. ಸೀನಿದರೆ, ಕೆಮ್ಮಿದರೆ, ಬಿಂದಿಗೆ ಎತ್ತಿದರೆ, ಜೋರಾಗಿ ನಕ್ಕರೆ ನನಗೆ ಗೊತ್ತಿಲ್ಲದ ಹಾಗೆ ಮೂತ್ರ ಹನಿಯುತ್ತಿತ್ತು. ಇವತ್ತು ನಾನು ಊರಿಗೆ ಹೊರಟರೆ, ಮದುವೆ ಮುಂಜಿಗೆ ಹೊರಟರೆ, ಸೀರೆಯ ಒಳಗೆ ದೊಡ್ಡವರ ಡೈಪರ್ ಹಾಕಿಕೊಂಡು ಹೋಗುತ್ತೇನೆ. ಹೌದು, ಮಗುವಿಗೆ ಹಾಕುತ್ತೇವಲ್ಲ, ಅಂಥದ್ದೇ! ಇದನ್ನು ಬರೆಯಲಿಕ್ಕೆ ಪೆನ್ನು ಹಿಡಿದು ಮೂರು ದಿನ ಸುಮ್ಮನೆ ಕೂತಿದ್ದೆ. ಆಮೇಲೆ ನಮ್ಮತ್ತೆಯ ನೆನಪಾಯಿತು, ಬರೆದೇಬಿಟ್ಟೆ. ಅವರ ಕಥೆ ಮುಂದೆ ಹೇಳುತ್ತೇನೆ.

ಶುರುವಾದದ್ದು ಒಗ್ಗರಣೆಯಿಂದ

ಎರಡನೆಯವನು ಹುಟ್ಟಿದಾಗ ನಾಲ್ಕು ಕೆ.ಜಿ. ತೂಗಿದ್ದ. ಹೆರಿಗೆ ಕಷ್ಟವಾಯಿತು. ಬಾಣಂತನದಲ್ಲಿ ಸ್ವಲ್ಪ ದಿನ ಹನಿಯುತ್ತಿತ್ತು, ಆಮೇಲೆ ನಿಂತಿತು. ಮರೆತೂ ಹೋದೆ. ಮೂವತ್ತೆಂಟು ದಾಟಿದ ಮೇಲೆ ಒಂದು ದಿನ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಒಣಮೆಣಸಿನಕಾಯಿ ಘಾಟು ಏರಿ ನಾಲ್ಕು ಸೀನು ಬಂತು. ಲಂಗ ಒದ್ದೆ! ಗ್ಯಾಸ್ ಆರಿಸಿ ಬಚ್ಚಲಿಗೆ ಓಡಿದೆ. ಹೊರಗೆ ಬಂದು ಏನೂ ಆಗಿಲ್ಲವೆಂಬ ಹಾಗೆ ಬಡಿಸಿದೆ.

ಅಲ್ಲಿಂದ ನನ್ನ ಉಪಾಯಗಳು ಶುರುವಾದವು. ಹಳೇ ಪಂಚೆ ಹರಿದು ಮಡಿಸಿ ಇಟ್ಟುಕೊಳ್ಳುವುದು. ಮುಟ್ಟಿನ ಪ್ಯಾಡ್ ಇಟ್ಟು ನೋಡುವುದು. (ಅದು ರಕ್ತಕ್ಕೆಂದು ಮಾಡಿದ್ದು, ನೀರಿನಂಥ ಮೂತ್ರವನ್ನು ಬೇಗ ಹೀರುವುದಿಲ್ಲ, ಪಕ್ಕದಿಂದ ಹೊರಬರುತ್ತದೆ.) ತಿಳಿ ಬಣ್ಣದ ಸೀರೆಗಳೆಲ್ಲ ಬೀರುವಿನ ಕೆಳಗಿನ ಗೂಡಿಗೆ ಹೋದವು. ಹೊರಗೆ ಹೊರಡುವ ದಿನ ಬೆಳಗಿನಿಂದ ಒಂದು ಗುಟುಕು ನೀರಿಲ್ಲ. ಯಾರ ಮನೆಗೆ ಹೋದರೂ ಮೊದಲು ನೋಡುವುದು ಬಚ್ಚಲು ಯಾವ ಕಡೆ ಎಂದು. ಕೊನೆಗೆ ಹೋಗುವುದನ್ನೇ ಬಿಟ್ಟೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮ ಬೀದಿಯ ಹೆಂಗಸರೆಲ್ಲ ಆಧಾರ್ ಕಾರ್ಡ್ ಹಿಡಿದು ಧರ್ಮಸ್ಥಳಕ್ಕೆ ಹೊರಟರು. ನನ್ನನ್ನೂ ಕರೆದರು. ಟಿಕೆಟ್ ಬಿಟ್ಟಿ ಇದ್ದರೇನು, ಶಿರಾಡಿ ಘಾಟಿಯ ತಿರುವಿನಲ್ಲಿ ಬಸ್ಸು ನಿಲ್ಲಿಸಿ ಅಂತ ಹೇಳಲಾದೀತೇ? "ಮಂಡಿ ನೋವು ಕಣ್ರೀ" ಎಂದೆ. ಕಿಟಕಿಯಿಂದ ಅವರು ಹೋಗುವುದನ್ನು ನೋಡುತ್ತಾ ನಿಂತೆ.

ನಮ್ಮತ್ತೆಯ ಸೀರೆ

ಈಗ ಹೇಳಲಿಕ್ಕೆ ಕಷ್ಟವಾದ ಮಾತು.

ನಮ್ಮತ್ತೆ ನಮ್ಮ ಜೊತೆಗೇ ಇದ್ದರು. ಎಪ್ಪತ್ತು ದಾಟಿದ ಮೇಲೆ ಅವರಿಗೂ ಹೀಗೇ ಆಗುತ್ತಿತ್ತು. ಆದರೆ ಒಂದು ದಿನವೂ ಬಾಯಿ ಬಿಡಲಿಲ್ಲ. ಬೆಳಗಿನ ಜಾವ ನಾವು ಏಳುವ ಮೊದಲೇ ಎದ್ದು, ರಾತ್ರಿ ಉಟ್ಟ ಸೀರೆಯನ್ನು ತಾವೇ ಒಗೆದು ಹಿತ್ತಲಲ್ಲಿ ಒಣಗಿ ಹಾಕುತ್ತಿದ್ದರು. ಹಾಸಿಗೆ ಮೇಲೆ ಗೋಣಿತಾಟು ಹಾಸಿ, ಅದರ ಮೇಲೆ ಹಳೇ ಸೀರೆ. ನನಗೆ ವಾಸನೆ ಬರುತ್ತಿತ್ತು. ಆಗ ನನಗೆ ಮೂವತ್ತಾರು ಮೂವತ್ತೇಳು, ಮೈಯಲ್ಲಿ ಕಸುವಿತ್ತು, ನಾಲಿಗೆಯಲ್ಲಿ ಅದಕ್ಕಿಂತ ಹೆಚ್ಚು ಇತ್ತು. ಒಂದು ದಿನ ಯಾರೋ ನೆಂಟರು ಬಂದ ಹೊತ್ತಿಗೆ ಸಿಟ್ಟು ನೆತ್ತಿಗೇರಿ ಅಂದುಬಿಟ್ಟೆ:

"ಏನತ್ತೆ ಇದು, ಚಿಕ್ಕ ಮಕ್ಕಳ ಹಾಗೆ? ಸ್ವಲ್ಪ ಮುಂಚೆ ಎದ್ದು ಹೋಗಬಾರದಾ?"

ಅವರು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಅವತ್ತಿನಿಂದ ಸಂಜೆ ನಾಲ್ಕರ ಮೇಲೆ ನೀರು ಮುಟ್ಟುವುದನ್ನು ಬಿಟ್ಟರು. ರಾತ್ರಿ ಎರಡೆರಡು ಸಲ ಎದ್ದು ಬಚ್ಚಲಿಗೆ ಹೋಗುತ್ತಿದ್ದರು. ನಮಗೆ ಎಚ್ಚರವಾದೀತೆಂದು ದೀಪವನ್ನೂ ಹಾಕುತ್ತಿರಲಿಲ್ಲ. 2015ರ ಕಾರ್ತೀಕದಲ್ಲಿ ಒಂದು ರಾತ್ರಿ ಹೀಗೇ ಅವಸರದಲ್ಲಿ ಎದ್ದು ಹೋದವರು ಬಚ್ಚಲಿನ ಹೊಸಿಲಿನಲ್ಲಿ ಜಾರಿ ಬಿದ್ದರು. ತೊಡೆಮೂಳೆ ಮುರಿಯಿತು.

ಆಸ್ಪತ್ರೆಯಲ್ಲಿ ನರ್ಸ್ ಬಂದು ಡೈಪರ್ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಅತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ನನ್ನ ಕೈ ಹಿಡಿದುಕೊಂಡು ಹೇಳಿದರು: "ಇಂಥದ್ದೊಂದು ಇದೆ ಅಂತ ಮೊದಲೇ ಗೊತ್ತಿದ್ದಿದ್ರೆ ನಾನು ಆ ರಾತ್ರಿ ಎದ್ದು ಹೋಗ್ತಾನೇ ಇರ್ಲಿಲ್ಲ ಕಣಮ್ಮ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಆಮೇಲೆ ಎಂಟು ತಿಂಗಳಿದ್ದರು. ಮೇಲೆದ್ದು ಓಡಾಡಲಿಲ್ಲ. 2016ರಲ್ಲಿ ತೀರಿಕೊಂಡರು.

ಅವರು ಹೋಗಿ ಎರಡು ವರ್ಷಕ್ಕೆ ಸರಿಯಾಗಿ ನನ್ನ ಸೀನು ಶುರುವಾಯಿತು. ಕದ್ದು ಮುಚ್ಚಿ ಲಂಗ ಒಗೆಯುತ್ತಾ ಬಚ್ಚಲಲ್ಲಿ ಕೂತಾಗಲೆಲ್ಲ ಹಿತ್ತಲ ಹಗ್ಗದ ಮೇಲೆ ಒಣಗುತ್ತಿದ್ದ ಅವರ ಸೀರೆ ಕಣ್ಣ ಮುಂದೆ ಬರುತ್ತಿತ್ತು. ಇಷ್ಟಾದರೂ ನನಗೆ ಬುದ್ಧಿ ಬಂತೇ? ಇಲ್ಲ. ಅವರು ಮಾಡಿದ ತಪ್ಪನ್ನೇ ನಾನೂ ಮಾಡಿದೆ. ಯಾರಿಗೂ ಹೇಳಲಿಲ್ಲ.

ಅಕ್ಕನ ಸಿಟ್ಟು

ನನ್ನ ಅಕ್ಕ ಇರುವುದು ಶಿವಮೊಗ್ಗದಲ್ಲಿ. 2023ರ ನವೆಂಬರಿನಲ್ಲಿ ಅವಳ ಮಗಳ ನಿಶ್ಚಿತಾರ್ಥ. ಹಾಸನದಿಂದ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ನನಗೆ ಆ ನಾಲ್ಕು ಗಂಟೆ ನೆನೆಸಿಕೊಂಡರೇ ಅವಸರವಾಗುತ್ತಿತ್ತು! ಜ್ವರ ಅಂತ ಸುಳ್ಳು ಹೇಳಿ ಉಳಿದುಕೊಂಡೆ. ಸಂಜೆ ಅಕ್ಕನ ಫೋನು ಬಂತು. "ನಮ್ಮಮ್ಮ ಹೋದ ಮೇಲೆ ನನಗಿರೋಳು ನೀನೊಬ್ಬಳೇ ಅಂದ್ಕೊಂಡಿದ್ದೆ. ನಿನಗೆ ನಾವು ಬೇಡವಾದ್ವಾ?" ಎಂದಳು. ಫೋನ್ ಇಟ್ಟು ಅಡುಗೆಮನೆಯಲ್ಲಿ ಕೂತು ಅತ್ತೆ.

ಕಾಲೇಜಿಗೆ ಹೋಗುವ ಮಗಳು ಹಿಂದೆ ಬಂದು ನಿಂತಿದ್ದಳು. ಈಗಿನ ಮಕ್ಕಳಿಗೆ ನಮಗಿಂತ ತಿಳಿವಳಿಕೆ ಹೆಚ್ಚು. ಒತ್ತಾಯ ಮಾಡಿ ಬಾಯಿ ಬಿಡಿಸಿದಳು. ಕೇಳಿ ನಗಲಿಲ್ಲ, ಮುಖ ಸಿಂಡರಿಸಲಿಲ್ಲ. "ಅಮ್ಮಾ, ನಾಳೆ ಲೇಡಿ ಡಾಕ್ಟರ ಹತ್ರ ಹೋಗೋಣ" ಎಂದಳು, ಅಷ್ಟೇ.

ಡಾಕ್ಟರಮ್ಮ ಕೇಳಿದರು, "ಎಷ್ಟು ವರ್ಷದಿಂದ?"

"ಐದಾರು ವರ್ಷ ಆಯ್ತು ಡಾಕ್ಟ್ರೇ."

"ಹಲ್ಲುನೋವು ಬಂದಿದ್ರೆ ಐದಾರು ವರ್ಷ ಇಟ್ಕೊಂಡಿರ್ತಿದ್ರಾ?"

ನನ್ನಲ್ಲಿ ಉತ್ತರವಿರಲಿಲ್ಲ.

ಒಳಗೆ ಆಗುವುದೇನು?

ಡಾಕ್ಟರಮ್ಮ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಮೂತ್ರಕೋಶ ಎಂದರೆ ಒಂದು ಚೀಲ. ಸಾಮಾನ್ಯವಾಗಿ 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ, ಅಂದರೆ ಅರ್ಧ ಲೀಟರ್ ಹಾಲಿನ ಪೊಟ್ಟಣದಷ್ಟು. ಈ ಚೀಲವನ್ನೂ ಗರ್ಭಕೋಶವನ್ನೂ ಸೊಂಟದ ತಳದಲ್ಲಿರುವ ಸ್ನಾಯುಗಳು ಮಗುವಿನ ಜೋಲಿಯ ಹಾಗೆ ಕೆಳಗಿನಿಂದ ಎತ್ತಿ ಹಿಡಿದಿರುತ್ತವೆ. ಚೀಲದ ಬಾಯಿಯನ್ನು ಬಿಗಿಯಾಗಿ ಮುಚ್ಚುವುದೂ ಇವುಗಳ ಸಹಾಯದಿಂದಲೇ. ಬಸಿರು, ಹೆರಿಗೆ, ಮೈತೂಕ, ಬಹುಕಾಲದ ಮಲಬದ್ಧತೆ, ವಾಸಿಯಾಗದ ಕೆಮ್ಮು, ಇವೆಲ್ಲ ಆ ಜೋಲಿಯನ್ನು ಸಡಿಲ ಮಾಡುತ್ತವೆ. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಕಡಿಮೆಯಾಗಿ ಆ ಜಾಗದ ಕಸುವು ಇನ್ನಷ್ಟು ತಗ್ಗುತ್ತದೆ. ಆಗ ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಹೊಟ್ಟೆಯ ಒತ್ತಡ ಬಿದ್ದು ಹನಿಯುತ್ತದೆ. ಇದು ಒಂದು ಬಗೆ.

ಇನ್ನೊಂದು ಬಗೆ ಅವಸರದ್ದು. ಚೀಲ ತುಂಬುವ ಮೊದಲೇ ಅದು ತಾನಾಗಿ ಹಿಂಡಿಕೊಳ್ಳುತ್ತದೆ. ನಲ್ಲಿ ನೀರಿನ ಶಬ್ದ ಕೇಳಿದರೆ ಸಾಕು, ಬಾಗಿಲಿಗೆ ಬೀಗದಕೈ ಹಾಕುತ್ತಿದ್ದರೆ ಸಾಕು, ತಡೆಯಲಾಗುವುದಿಲ್ಲ. ನಮ್ಮತ್ತೆಯದು ಬಹುಶಃ ಇದೇ ಇದ್ದಿರಬೇಕು. ಎರಡೂ ಕೂಡಿಕೊಂಡು ಬರುವುದೂ ಉಂಟು. ನನ್ನದು ಹಾಗೆ.

ಸಕ್ಕರೆ ಕಾಯಿಲೆ, ಮೂತ್ರದ ಸೋಂಕು ಇದ್ದರೂ ಪದೇ ಪದೇ ಹೋಗಬೇಕಾಗುತ್ತದೆ. ಹಾಗಾಗಿ ನನಗೆ ಮೊದಲು ಮೂತ್ರ ಪರೀಕ್ಷೆ, ಸಕ್ಕರೆ ಪರೀಕ್ಷೆ ಮಾಡಿಸಿದರು. ಎರಡೂ ಸರಿಯಾಗಿತ್ತು.

ನೀರು ಬಿಟ್ಟಿದ್ದಕ್ಕೆ ಮಾತ್ರ ಸರಿಯಾಗಿ ಬೈಸಿಕೊಂಡೆ! ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಚೀಲವನ್ನು ಕೆರಳಿಸುತ್ತದಂತೆ. ಅವಸರ ಇನ್ನೂ ಹೆಚ್ಚುತ್ತದೆ, ಸೋಂಕಿಗೂ ದಾರಿ. "ದಿನಕ್ಕೆ ಆರೆಂಟು ಲೋಟ ಕುಡೀರಿ. ಮಲಗೋಕೆ ಎರಡು ಗಂಟೆ ಮುಂಚೆ ಬೇಕಾದ್ರೆ ನಿಲ್ಲಿಸಿ. ಕಡಿಮೆ ಮಾಡಬೇಕಾದ್ದು ನೀರಲ್ಲ, ಕಾಫಿ" ಎಂದರು. ಹಾಸನದವಳಿಗೆ ಕಾಫಿ ಬಿಡಿ ಎಂದರೆ ಹೇಗಿರಬೇಡ! ನಾಲ್ಕು ಲೋಟದಿಂದ ಎರಡಕ್ಕೆ ಇಳಿಸಿದ್ದೇನೆ.

ಹಾಲು ಕಾಯುವಷ್ಟರಲ್ಲಿ ಮಾಡುವ ವ್ಯಾಯಾಮ

ಆರ್ನಾಲ್ಡ್ ಕೆಗೆಲ್ ಎಂಬ ಅಮೆರಿಕದ ಸ್ತ್ರೀರೋಗ ವೈದ್ಯರು 1948ರಲ್ಲಿ ಒಂದು ವ್ಯಾಯಾಮವನ್ನು ಬರೆದು ಪ್ರಕಟಿಸಿದರು. ಇವತ್ತಿಗೂ ಡಾಕ್ಟರುಗಳು ಮೊದಲು ಹೇಳುವುದು ಅದನ್ನೇ. ಚಾಪೆ ಬೇಡ, ಸೀರೆ ಬಿಚ್ಚಬೇಕಿಲ್ಲ, ಪಕ್ಕದಲ್ಲಿ ಕೂತವರಿಗೂ ತಿಳಿಯುವುದಿಲ್ಲ.

ನಾಲ್ಕು ಜನರ ಮಧ್ಯೆ ಕೂತಾಗ ಗಾಳಿ ಹೋಗದಂತೆ ತಡೆಯುತ್ತೇವಲ್ಲ (ನಗಬೇಡಿ!), ಆಗ ಒಳಗೆ ಮೇಲಕ್ಕೆ ಎಳೆದುಕೊಳ್ಳುವ ಸ್ನಾಯುಗಳೇ ಅವು. ಅವನ್ನು ಬಿಗಿಹಿಡಿದು ಮೊದಮೊದಲು ಮೂರು ನಾಲ್ಕು ಎಣಿಸಿ, ಬಿಡಿ. ಅಷ್ಟೇ ಹೊತ್ತು ವಿಶ್ರಾಂತಿ. ಮತ್ತೆ ಬಿಗಿಹಿಡಿಯಿರಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ವಾರ ಕಳೆದಂತೆ ಎಣಿಕೆಯನ್ನು ಹತ್ತರವರೆಗೆ ಏರಿಸಿ. ಉಸಿರು ಕಟ್ಟಬಾರದು, ಹೊಟ್ಟೆ ತೊಡೆ ಬಿಗಿ ಮಾಡಬಾರದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಬೇಡ, ಅದು ಒಳ್ಳೆಯದಲ್ಲ.

ನಾನು ಬೆಳಿಗ್ಗೆ ಹಾಲು ಕಾಯುವಾಗ, ಮಧ್ಯಾಹ್ನ ಕುಕ್ಕರ್ ಕೂಗುವುದನ್ನು ಕಾಯುವಾಗ, ರಾತ್ರಿ ದಿಂಬಿಗೆ ತಲೆ ಕೊಟ್ಟಾಗ ಮಾಡುತ್ತೇನೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮೊದಲು ಒಮ್ಮೆ ಬಿಗಿಹಿಡಿದೇ ಹಾಕುವುದು! ಸೀನು ಬರುವ ಮೊದಲು ಹೀಗೆ ಬಿಗಿಹಿಡಿದರೆ ಹನಿಯುವುದು ಬಹಳ ತಗ್ಗುತ್ತದೆ.

ಅವಸರಕ್ಕೂ ಒಂದು ಅಭ್ಯಾಸ ಹೇಳಿಕೊಟ್ಟರು. ಅವಸರವಾದ ಕೂಡಲೇ ಓಡಬಾರದು. ಕೂತು, ಬಿಗಿಹಿಡಿದು, ಐದು ನಿಮಿಷ ತಡೆದು ಹೋಗಬೇಕು. ಸ್ವಲ್ಪ ದಿನದ ಮೇಲೆ ಹತ್ತು ನಿಮಿಷ. ಹೀಗೆ ಚೀಲಕ್ಕೆ ಬುದ್ಧಿ ಕಲಿಸುವುದು. ಗುಣ ತಿಳಿಯಲಿಕ್ಕೆ ಮೂರು ತಿಂಗಳು ಬೇಕೆಂದರು. ಅಕ್ಕನ ಮಗಳ ಮದುವೆಗೆ ಇದ್ದದ್ದೂ ಸರಿಯಾಗಿ ಮೂರು ತಿಂಗಳೇ.

"ಯಾರಿಗಮ್ಮಾ ಡೈಪರು?"

"ಅಷ್ಟರಲ್ಲಿ ಪೂರ್ತಿ ಗುಣವಾಗದಿದ್ದರೆ?" ಎಂದು ಕೇಳಿದೆ. "ಡೈಪರ್ ಹಾಕ್ಕೊಂಡು ಹೋಗಿ" ಎಂದರು ಡಾಕ್ಟರಮ್ಮ, ಛತ್ರಿ ತಗೊಂಡು ಹೋಗಿ ಎನ್ನುವಷ್ಟು ಸಲೀಸಾಗಿ.

ಔಷಧಿ ಅಂಗಡಿಗೆ ಹೋದೆ. ಜನ ಕರಗಲಿ ಎಂದು ಕಾಲು ಗಂಟೆ ಕಾದು, ಮೆಲ್ಲಗೆ ಕೇಳಿದೆ. ಹುಡುಗ ಒಳಗಿನಿಂದಲೇ ಕೂಗಿದ: "ಯಾರಿಗಮ್ಮಾ ಡೈಪರು? ಸೊಂಟ ಎಷ್ಟು?"

ನನ್ನ ಬಾಯಿಂದ ಬಂದದ್ದೇನು ಗೊತ್ತೇ? "ನಮ್ಮತ್ತೆಗೆ."

ತೀರಿಹೋಗಿ ಏಳು ವರ್ಷವಾದ ಅತ್ತೆಯ ಹೆಸರು ಹೇಳಿದೆ, ಸೋದರಿ! ಅವರಿಗೆ ಬೇಕಿದ್ದಾಗ ತಂದುಕೊಡಲಿಲ್ಲ. ನನಗೆ ಬೇಕಾದಾಗ ಅವರ ಹೆಸರು ಮುಂದೆ ಮಾಡಿದೆ. ಮನೆಗೆ ಬಂದು ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಆ ರಾತ್ರಿ ನಮ್ಮ ಮನೆಯವರಿಗೂ ಎಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೇನಾ? ಎಲ್ಲಿಗೆ ಕರೆದರೂ ಬರಲ್ಲ ಅಂತೀಯ, ನನ್ನ ಮೇಲೆ ಏನೋ ಬೇಜಾರು ಅಂದ್ಕೊಂಡಿದ್ದೆ ಕಣೇ" ಎಂದರು. ನಾವು ಮುಚ್ಚಿಟ್ಟರೆ ಮನೆಯವರು ಅದಕ್ಕೆ ಏನೇನು ಅರ್ಥ ಕಟ್ಟುತ್ತಾರೆ ನೋಡಿ!

ಮಗಳು ಒಂದು ಡೈಪರನ್ನು ಕತ್ತರಿಸಿ ತೋರಿಸಿದಳು. ಮೈಗೆ ತಗಲುವ ಕಡೆ ಮೆತ್ತನೆಯ ಪದರ, ಹೊರಗೆ ನೀರಿಳಿಯದ ಪ್ಲಾಸ್ಟಿಕ್ ಹಾಳೆ. ನಡುವೆ ಹತ್ತಿಯಂಥ ನಾರು, ಅದರಲ್ಲಿ ಸಕ್ಕರೆಯಂಥ ಹರಳು. ಆ ಹರಳಿನ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ಚಮಚದಷ್ಟನ್ನು ಬಟ್ಟಲಿಗೆ ಹಾಕಿ ಒಂದು ಲೋಟ ನೀರು ಹೊಯ್ದೆವು. ಕಾಮಕಸ್ತೂರಿ ಬೀಜ ನೆನೆದು ಉಬ್ಬುವುದನ್ನು ನೋಡಿದ್ದೀರಲ್ಲ, ಹಾಗೆ ಉಬ್ಬಿ ಉಬ್ಬಿ ಲೋಳೆಯಾಯಿತು. ಬಟ್ಟಲು ಬೋರಲು ಹಾಕಿದರೂ ಹನಿ ಬೀಳಲಿಲ್ಲ! ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಹೀರುವ ವಸ್ತು ಇದು. ಮೇಲೆ ಉಪ್ಪು ಉದುರಿಸಿದರೆ ನೀರು ಬಿಟ್ಟುಕೊಡುತ್ತದೆ. ಮೂತ್ರದಲ್ಲಿ ಉಪ್ಪಿರುವುದರಿಂದ ಅದನ್ನು ನೀರಿನಷ್ಟು ಹೀರುವುದಿಲ್ಲ, ಆದರೂ ನಮ್ಮ ಕೆಲಸಕ್ಕೆ ಧಾರಾಳವಾಯಿತು. (ಈ ಆಟ ಮಕ್ಕಳ ಕೈಗೆ ಕೊಡಬೇಡಿ, ಬಾಯಿಗೆ ಹಾಕಿಕೊಂಡಾರು.)

ಇನ್ನೊಂದು ಸಂಗತಿ ಕೇಳಿದರೆ ನಿಮಗೂ ಸಂತೋಷವಾಗುತ್ತದೆ. ನೀರಿಳಿಯದ ಡೈಪರಿನ ಚರಿತ್ರೆಯಲ್ಲಿ ದೊಡ್ಡ ಹೆಸರು ಅಮೆರಿಕದ ಒಬ್ಬ ಗೃಹಿಣಿಯದು. ಮಗುವಿನ ಬಟ್ಟೆ ಒಗೆದು ಒಗೆದು ಸಾಕಾದ ಮೇರಿಯನ್ ಡೊನೊವನ್ 1946ರಲ್ಲಿ ಬಚ್ಚಲುಮನೆಯ ಪರದೆಯನ್ನೇ ಕತ್ತರಿಸಿ, ಹೊಲಿಗೆ ಯಂತ್ರದಲ್ಲಿ ಹೊಲಿದು, ಒದ್ದೆ ಹೊರಗೆ ಬಾರದ ಹೊದಿಕೆ ಮಾಡಿದರು. ಕಾರ್ಖಾನೆಯವರು ಬೇಡವೆಂದರು. 1949ರಲ್ಲಿ ನ್ಯೂಯಾರ್ಕಿನ ಅಂಗಡಿಯಲ್ಲಿ ಮಾರಾಟಕ್ಕಿಟ್ಟರು, ಜನ ಮುಗಿಬಿದ್ದು ಕೊಂಡರು. 1951ರಲ್ಲಿ ಪೇಟೆಂಟ್ ಸಿಕ್ಕಿತು.

ದೊಡ್ಡವರು ಡೈಪರ್ ಹಾಕುವುದೇ ಎಂದು ಮೂಗು ಮುರಿಯುವವರಿಗೆ ಇದನ್ನು ಹೇಳಿ: 1961ರ ಮೇ 5ರಂದು ಅಂತರಿಕ್ಷಕ್ಕೆ ಹಾರಿದ ಅಮೆರಿಕದ ಅಲನ್ ಶೆಪರ್ಡ್ ಅವರಿಗೆ, ಹದಿನೈದೇ ನಿಮಿಷದ ಹಾರಾಟವೆಂದು, ಮೂತ್ರಕ್ಕೆ ಯಾವ ವ್ಯವಸ್ಥೆಯೂ ಇರಲಿಲ್ಲ. ಹೊರಡುವುದು ತಡವಾಗಿ ಗಂಟೆಗಟ್ಟಲೆ ಕಾಯಬೇಕಾಯಿತು. ಪಾಪ, ಉಡುಪಿನೊಳಗೇ ಆಗಿಹೋಯಿತು! ಈಗ ಗಗನಯಾತ್ರಿಗಳು ನೌಕೆಯ ಹೊರಗೆ ಆರೇಳು ಗಂಟೆ ಕೆಲಸ ಮಾಡುವಾಗ ಡೈಪರ್ ಹಾಕಿಕೊಂಡೇ ಇಳಿಯುತ್ತಾರೆ. ಅವರಿಗಿಲ್ಲದ ಅವಮಾನ ನಮಗೇಕೆ?

ಶಿವಮೊಗ್ಗದ ಬಸ್ಸು

2024ರ ಫೆಬ್ರವರಿಯಲ್ಲಿ ಮದುವೆ. ಪ್ಯಾಂಟಿನ ಹಾಗೆ ಏರಿಸಿಕೊಳ್ಳುವ ಡೈಪರ್ ಹಾಕಿಕೊಂಡು, ಮೇಲೆ ಹತ್ತಿಯ ಲಂಗ, ಕೆಳಗೂಡಿನಿಂದ ತೆಗೆದ ತಿಳಿ ಹಳದಿ ಸೀರೆ ಉಟ್ಟು ಬಸ್ಸು ಹತ್ತಿದೆ. ಕನ್ನಡಿಯಲ್ಲಿ ಹಿಂದೆ ಮುಂದೆ ತಿರುಗಿ ಹತ್ತು ಸಲ ನೋಡಿಕೊಂಡಿದ್ದೆ, ಏನೂ ಕಾಣುತ್ತಿರಲಿಲ್ಲ. ನೀರಿನ ಬಾಟಲಿ ಕೈಯಲ್ಲೇ ಇತ್ತು. ಅರಸೀಕೆರೆ ದಾಟಿತು. ಕಡೂರಿನಲ್ಲಿ ಇಳಿದು ಹೋಗಿಬಂದೆ. ತರೀಕೆರೆ, ಭದ್ರಾವತಿ... ಎಷ್ಟೋ ವರ್ಷದ ಮೇಲೆ ಕಿಟಕಿಯಾಚೆ ತೆಂಗಿನ ತೋಟ ನೋಡಿದೆ. ಅಷ್ಟು ದಿನ ಬಸ್ಸಿನಲ್ಲಿ ನಾನು ನೋಡುತ್ತಿದ್ದದ್ದು ಗಡಿಯಾರ ಮಾತ್ರ.

ಶಿವಮೊಗ್ಗದಲ್ಲಿ ಇಳಿದು ನೋಡಿಕೊಂಡರೆ ಒಂದು ತೊಟ್ಟೂ ಬಿದ್ದಿರಲಿಲ್ಲ! ಆಮೇಲೆ ಡಾಕ್ಟರಮ್ಮ ವಿವರಿಸಿದರು, ಹೆದರಿಕೆಯೇ ಅರ್ಧ ಅವಸರಕ್ಕೆ ಕಾರಣವಂತೆ. ಮನಸ್ಸು ನಿರಾಳವಾದರೆ ಚೀಲವೂ ನಿರಾಳ.

ಹಿಂದಿನ ರಾತ್ರಿ ಛತ್ರದಲ್ಲಿ ಹೆಂಗಸರೆಲ್ಲ ಹೂ ಕಟ್ಟುತ್ತಾ ಕೂತಿದ್ದೆವು. ಸೋದರತ್ತೆಯೊಬ್ಬರು ತಮ್ಮ ಮದುವೆಯ ಕಾಲದ ಕಥೆ ತೆಗೆದರು. ನಕ್ಕೆ, ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಅಕ್ಕ ಬೆರಗಾಗಿ, "ನೀನು ಹೀಗೆ ನಕ್ಕು ಎಷ್ಟು ವರ್ಷ ಆಯ್ತೇ!" ಎಂದಳು. ಆಮೇಲೆ ಅವಳನ್ನು ಕೋಣೆಗೆ ಕರೆದುಕೊಂಡು ಹೋಗಿ, ನಿಶ್ಚಿತಾರ್ಥಕ್ಕೆ ಬಾರದ ನಿಜವಾದ ಕಾರಣ ಹೇಳಿದೆ. ಅಕ್ಕ ಮಾತಾಡಲಿಲ್ಲ. ಬಾಗಿಲಿಗೆ ಚಿಲಕ ಹಾಕಿ ತನ್ನ ಸೂಟ್‌ಕೇಸ್ ತೆರೆದಳು. ಸೀರೆಗಳ ಕೆಳಗೆ ಹಳೇ ಪಂಚೆಯ ಮಡಿಕೆಗಳು, ಒಂದು ಡಜನ್! ಇಬ್ಬರೂ ಕೈ ಹಿಡಿದುಕೊಂಡು ಮತ್ತೆ ನಕ್ಕೆವು.

ಈಗಲೂ ಯಾಕೆ?

ವ್ಯಾಯಾಮ ಬಿಡದೆ ಮಾಡಿದ್ದರಿಂದ ಈಗ ನನಗೆ ಮುಕ್ಕಾಲು ಪಾಲು ಗುಣವಿದೆ. ಮನೆಯಲ್ಲಿ ಏನೂ ಬೇಕಾಗುವುದಿಲ್ಲ. ಆದರೂ ದೂರದ ದಾರಿ, ಮದುವೆಮನೆ, ಕೆಮ್ಮು ನೆಗಡಿಯ ದಿನಗಳಲ್ಲಿ ಹಾಕಿಕೊಳ್ಳುತ್ತೇನೆ. ಎಷ್ಟೋ ಸಲ ಒಣಗಿದ್ದನ್ನೇ ತೆಗೆಯುತ್ತೇನೆ. "ಸುಮ್ಮನೆ ದುಡ್ಡು ದಂಡ" ಎಂದು ಮೊದಲು ನನಗೂ ಅನಿಸಿತ್ತು. ನಾನು ಕೊಂಡದ್ದು ಒಂದಕ್ಕೆ ನಲವತ್ತು ರೂಪಾಯಿ ಬಿತ್ತು. ಆದರೆ ಆ ನಲವತ್ತು ರೂಪಾಯಿಗೆ ನನಗೆ ಸಿಗುವುದು ಒಂದಿಡೀ ದಿನದ ನೆಮ್ಮದಿ. ಮಳೆ ಬರದಿದ್ದರೂ ಛತ್ರಿ ಹಿಡಿದು ಹೋಗುವುದಿಲ್ಲವೇ?

ಆದರೆ ಒಂದು ಮಾತು ನೆನಪಿಡಿ. ಡೈಪರ್ ಔಷಧಿಯಲ್ಲ. ಅದು ಒದ್ದೆಯನ್ನು ಹಿಡಿಯುತ್ತದೆ, ಕಾರಣವನ್ನು ವಾಸಿ ಮಾಡುವುದಿಲ್ಲ. ಡಾಕ್ಟರಿಗೆ ತೋರಿಸದೆ ಡೈಪರ್ ಒಂದನ್ನೇ ನಂಬುವುದು ಸೋರುವ ಮಾಡಿಗೆ ಕೆಳಗೆ ಬೋಗುಣಿ ಇಟ್ಟು ಸುಮ್ಮನಾದಂತೆ.

ಹಾಕಿಕೊಳ್ಳುವವರಿಗೆ ಕೆಲವು ಕಿವಿಮಾತು

1. ಆಗೊಂದು ಈಗೊಂದು ಹನಿಗೆ ಮೂತ್ರಕ್ಕೆಂದೇ ಮಾಡಿದ ತೆಳುವಾದ ಪ್ಯಾಡ್ ಸಾಕು. ಓಡಾಡುವವರಿಗೆ ಪ್ಯಾಂಟಿನಂಥದ್ದು, ಹಾಸಿಗೆ ಹಿಡಿದವರಿಗೆ ಪಕ್ಕದಲ್ಲಿ ಅಂಟಿಸುವಂಥದ್ದು ಅನುಕೂಲ.

2. ಸೊಂಟ, ನಿತಂಬ ಎರಡನ್ನೂ ಟೇಪಿನಲ್ಲಿ ಅಳೆದುಕೊಂಡು ಹೋಗಿ. ನಾನು ಅಂದಾಜಿನಲ್ಲಿ ತಂದ ಮೊದಲನೆಯದು ದೊಡ್ಡದಾಗಿ ತೊಡೆಯ ಸಂದಿಯಿಂದ ಸೋರಿತ್ತು.

3. ಒದ್ದೆಯಾದದ್ದನ್ನು ಇಟ್ಟುಕೊಂಡಿರಬೇಡಿ. ಬದಲಾಯಿಸುವಾಗ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದು, ಉಜ್ಜದೆ ಒತ್ತಿ ಒರೆಸಿ. ಚರ್ಮ ಕೆಂಪಾದರೆ ಝಿಂಕ್ ಆಕ್ಸೈಡ್ ಇರುವ ಮುಲಾಮನ್ನು ತೆಳ್ಳಗೆ ಹಚ್ಚಿ. ದಪ್ಪಗೆ ಬಳಿದರೆ ಡೈಪರ್ ಹೀರುವುದಿಲ್ಲ. ಮನೆಯಲ್ಲಿರುವಾಗ ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ.

4. ಕೈಚೀಲದಲ್ಲಿ ಒಂದು ಹೆಚ್ಚಿನ ಡೈಪರ್, ಹಳೇ ಪತ್ರಿಕೆಯ ಎರಡು ಹಾಳೆ, ಒಂದು ಚೀಲ ಇರಲಿ.

5. ಕಮೋಡಿಗೆ ಹಾಕಿ ನೀರು ಬಿಡಬೇಡಿ, ಮೋರಿಗೆ ಎಸೆಯಬೇಡಿ. ಪತ್ರಿಕೆಯಲ್ಲಿ ಭದ್ರವಾಗಿ ಸುತ್ತಿ, ಕೆಂಪು ಗುರುತು ಹಾಕಿ, ಹಸಿ ಕಸ ಒಣ ಕಸದಿಂದ ಬೇರೆಯಾಗಿಯೇ ಕೊಡಿ. ಭದ್ರವಾಗಿ ಸುತ್ತಿಯೇ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಿತ್ತು. ನಿಯಮ ಹಾಗಿರಲಿ, ಅದನ್ನು ಕೈಯಾರೆ ಬೇರ್ಪಡಿಸುವವರೂ ನಮ್ಮಂಥ ಹೆಂಗಸರೇ ಅಲ್ಲವೇ?

6. ದಿನವೂ ಕೊಳ್ಳುವ ಶಕ್ತಿ ಇಲ್ಲದವರು ಮನೆಯಲ್ಲಿ ಹಳೇ ಪಂಚೆ, ಹತ್ತಿ ಸೀರೆಯ ಮಡಿಕೆ ಬಳಸಬಹುದು. ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಮೂಲೆಯಲ್ಲಿ ಮುಚ್ಚಿಟ್ಟು ಒಣಗಿಸಬೇಡಿ.

7. ಮೂತ್ರದಲ್ಲಿ ರಕ್ತ, ಉರಿ, ಜ್ವರ, ಕಟ್ಟಿಕೊಂಡು ಹೋಗದಿರುವುದು, ಇದ್ದಕ್ಕಿದ್ದಂತೆ ಕಾಲುಗಳಲ್ಲಿ ಬಲಹೀನತೆ, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಡಾಕ್ಟರನ್ನು ಕಾಣಿ.

ಮನೆಯಲ್ಲಿ ಹಿರಿಯರಿದ್ದರೆ

ಕೊನೆಯದಾಗಿ ಸೊಸೆಯಂದಿರಿಗೆ, ಹೆಣ್ಣುಮಕ್ಕಳಿಗೆ ಒಂದು ಮಾತು. ನಿಮ್ಮ ಅತ್ತೆಯೋ ತಾಯಿಯೋ ಬೆಳಗಾಗುವ ಮೊದಲೇ ಎದ್ದು ತಮ್ಮ ಸೀರೆ ತಾವೇ ಒಗೆಯುತ್ತಿದ್ದರೆ, ನೆಂಟರ ಮನೆಗೆ ಬರಲೊಲ್ಲೆನೆಂದರೆ, ಸಂಜೆಯ ಮೇಲೆ ನೀರು ಬೇಡವೆಂದರೆ ಸುಮ್ಮನಿರಬೇಡಿ. ನಾಲ್ಕು ಜನರೆದುರಿಗೆ ಕೇಳಬೇಡಿ. ತಲೆಗೆ ಎಣ್ಣೆ ಹಚ್ಚುವಾಗಲೋ, ಇಬ್ಬರೇ ಕೂತು ಸೊಪ್ಪು ಬಿಡಿಸುವಾಗಲೋ, "ನನಗೂ ಕೆಮ್ಮಿದಾಗ ಹೀಗಾಗುತ್ತೆ, ನಿಮಗೂ ಆಗುತ್ತಾ?" ಎಂದು ಕೇಳಿ. ಬಚ್ಚಲ ದಾರಿಗೆ ರಾತ್ರಿಯೆಲ್ಲ ಉರಿಯುವ ಒಂದು ಪುಟ್ಟ ದೀಪ ಹಾಕಿಸಿ. ಡೈಪರ್ ತಂದುಕೊಟ್ಟರೆ ಹಾಕಿಕೊಳ್ಳುವುದೂ ಬಿಡುವುದೂ ಅವರ ಇಷ್ಟಕ್ಕೆ ಬಿಡಿ. "ಚಿಕ್ಕ ಮಗುವಿನ ಹಾಗೆ" ಎಂಬ ಮಾತು ಮಾತ್ರ ಬಾಯಿಗೆ ತರಬೇಡಿ. ಆ ಮಾತು ಆಡಿದವಳು ನಾನು, ಅದರ ಭಾರ ನನಗೆ ಗೊತ್ತು.

ಮೊನ್ನೆ ಮತ್ತೆ ಅದೇ ಔಷಧಿ ಅಂಗಡಿಗೆ ಹೋಗಿದ್ದೆ. ಅದೇ ಹುಡುಗ ಕೇಳಿದ, "ಅತ್ತೆಗಾ ಅಮ್ಮಾ?"

"ಇಲ್ಲಪ್ಪ, ನನಗೇ" ಎಂದೆ.

ಅವನು ತಲೆಯಾಡಿಸಿ, ಪೊಟ್ಟಣ ತೆಗೆದುಕೊಟ್ಟು, ಚಿಲ್ಲರೆ ಎಣಿಸಿದ. ಅಷ್ಟೇ. ಆಕಾಶವೇನೂ ಕಳಚಿ ಬೀಳಲಿಲ್ಲ.

ಬರುವ ತಿಂಗಳು ಬೀದಿಯ ಹೆಂಗಸರ ಜೊತೆ ಧರ್ಮಸ್ಥಳಕ್ಕೆ ಹೊರಟಿದ್ದೇನೆ. ಕಿಟಕಿಯ ಪಕ್ಕದ ಸೀಟು ನನಗೇ ಬೇಕೆಂದು ಈಗಲೇ ಹೇಳಿಟ್ಟಿದ್ದೇನೆ!